ಗಂಜಾಂ–ಸಂಗಮದ ಸುತ್ತು: ಕಾವೇರಿ ಬದಿಯ ಸಮತಟ್ಟು ದಾರಿಯಲ್ಲಿ ಜಾಗಿಂಗ್ ಮಾಡುವುದು ಹೇಗೆ

ಮೊದಲ ಸಲ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಮುಂದಿನಿಂದ ಸಂಗಮಕ್ಕೆ ಓಡಿ ಹೊರಟ ದಿನ ನಾನು ವಾಪಸ್ ಬಂದಿದ್ದು ಟಿವಿಎಸ್ ಮೊಪೆಡ್ ಮೇಲೆ, ಎರಡು ಹಾಲಿನ ಕ್ಯಾನ್‌ಗಳ ನಡುವೆ ಕೂತು. "ಕಾಲು ಉಳುಕ್ತಾ ಸಾರ್?" ಅಂತ ಡೇರಿಗೆ ಹೊರಟಿದ್ದವರು ಕೇಳಿದರು. ಉಳುಕಿರಲಿಲ್ಲ. ದಮ್ಮು ಖಾಲಿಯಾಗಿತ್ತು, ಅಷ್ಟೇ. ಹಾಗೆ ಹೇಳೋಕೆ ನಾಚಿಕೆಯಾಗಿ "ಹೂಂ" ಅಂದುಬಿಟ್ಟೆ.

ದಾರಿ ಕಷ್ಟದ್ದಾಗಿರಲಿಲ್ಲ. ತೊಂದರೆ ಆಗಿದ್ದೇ ಅದು ಸುಲಭ ಇದ್ದದ್ದರಿಂದ. ಚಾಮುಂಡಿ ಬೆಟ್ಟದ ಸಾವಿರ ಚಿಲ್ಲರೆ ಮೆಟ್ಟಿಲು ಹತ್ತುವಾಗ ಬೆಟ್ಟವೇ ನಮ್ಮನ್ನು ತಡೆಯುತ್ತದೆ. ನೂರು ಮೆಟ್ಟಿಲಿಗೇ ಉಸಿರು ಕಟ್ಟಿ ನಿಲ್ಲುತ್ತೇವೆ. ಸಮತಟ್ಟು ದಾರಿಯಲ್ಲಿ ತಡೆಯುವವರು ಯಾರೂ ಇಲ್ಲ. ಕಾಲು ತಾನಾಗಿ ಹೋಗುತ್ತಿದೆ ಅನ್ನಿಸುತ್ತದೆ, ನದಿ ಗಾಳಿ ತಂಪಾಗಿರುತ್ತದೆ, ಮೊದಲ ಎರಡು ಕಿಲೋಮೀಟರ್ ಹೀರೋ ಥರ ಓಡುತ್ತೇವೆ. ಮೂರನೆಯದರಲ್ಲಿ ಗೊತ್ತಾಗುತ್ತದೆ. ಈ ದಾರಿಯಲ್ಲಿ ಬ್ರೇಕ್ ನಾವೇ ಹಾಕಬೇಕು. ಕೆಳಗೆ ಬರೆದಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ ಇದೆ.

ಇದು ಹೊಸಬರಿಗೆ ಬರೆದದ್ದು. ಮ್ಯಾರಥಾನ್ ಓಡುವವರಿಗೆ ಇಲ್ಲಿ ಹೆಚ್ಚೇನೂ ಸಿಗದು, ನಾಯಿಗಳ ವಿಷಯ ಬಿಟ್ಟರೆ.

ಶ್ರೀರಂಗಪಟ್ಟಣವೇ ಯಾಕೆ

ಊರು ನದಿ ನಡುವಿನ ದ್ವೀಪ. ಪಡುವಣದಲ್ಲಿ ಕಾವೇರಿ ಎರಡಾಗಿ ಸೀಳುತ್ತದೆ, ಊರನ್ನು ಬಳಸಿ ಹರಿದು ಮೂಡಣದ ತುದಿಯ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ದ್ವೀಪದ ಉದ್ದ ಹೆಚ್ಚೂಕಡಿಮೆ 5 ಕಿ.ಮೀ., ಅಗಲ ಒಂದೂವರೆ. ಕೋಟೆ, ರಂಗನಾಥಸ್ವಾಮಿ ದೇವಸ್ಥಾನ, ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್ ಎಲ್ಲ ಪಡುವಣ ತುದಿಯಲ್ಲಿ ಕಿಕ್ಕಿರಿದಿವೆ. ಮೂಡಣದ ಅರ್ಧ ಇನ್ನೂ ಹಳ್ಳಿಯೇ. ಗದ್ದೆ, ಕಬ್ಬು, ತೆಂಗಿನ ತೋಟ, ನಾಲೆ. ಅಲ್ಲಿನ ಗಂಜಾಂ ಊರು ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರಾಗಿತ್ತು.

ಓಡುವವರಿಗೆ ಇದರಿಂದ ಎರಡು ಲಾಭ. ಒಂದು, ದಾರಿ ತಪ್ಪುವುದಿಲ್ಲ. ತಪ್ಪಿದರೂ ನೀರು ಎದುರಾಗುತ್ತದೆ, ತಿರುಗಿಕೊಂಡರೆ ಆಯಿತು. ಎರಡು, ದ್ವೀಪ ಕಿರಿದು. ದೊಡ್ಡ ಕೆರೆ ಸುತ್ತಲು ಹೊರಟು ಅರ್ಧ ದಾರಿಯಲ್ಲಿ ಸುಸ್ತಾದರೆ ಮುಂದಕ್ಕೂ ಅಷ್ಟೇ ದೂರ, ಹಿಂದಕ್ಕೂ ಅಷ್ಟೇ ದೂರ. ಇಲ್ಲಿ ಎಲ್ಲಿ ಬೇಕಾದರೂ ಅಡ್ಡ ಹೊಡೆದು ಮುಖ್ಯ ರಸ್ತೆ ಸೇರಬಹುದು. ಅಲ್ಲಿ ಆಟೋ ಸಿಗುತ್ತದೆ. ಇಲ್ಲದಿದ್ದರೆ ಹಾಲಿನ ಮೊಪೆಡ್.

ಮೈಸೂರಿಂದ 15 ಕಿ.ಮೀ. ಅಷ್ಟೇ. ಮಂಡ್ಯದವರಿಗೂ ರೈಲಿದೆ. ಸ್ಟೇಷನ್ ಹತ್ತಿರ ಟಿಪ್ಪು ಕಾಲದ ಒಂದು ಶಸ್ತ್ರಾಗಾರ ಇದೆ. ಜೋಡಿ ಹಳಿ ಹಾಕಲು ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನು ಹಾಗ್‌ಹಾಗೇ ಎತ್ತಿ ಸುಮಾರು 130 ಮೀಟರ್ ಆಚೆ ಸರಿಸಿದರು. ಅಷ್ಟು ಭಾರದ್ದೇ ಜರುಗಿತು, ನಮಗೇನು ಕಷ್ಟ ಅಂತ ನಾನು ಅದನ್ನು ನೋಡಿದಾಗಲೆಲ್ಲ ಅಂದುಕೊಳ್ಳುತ್ತೇನೆ.

ಹೆಜ್ಜೆ 1: ಮೊದಲ ದಿನ ಓಡಬೇಡಿ, ನಡೆದು ನೋಡಿ

ಶೂ ಹಾಕಿದ ತಕ್ಷಣ ಓಡಬೇಕು ಅನ್ನಿಸುತ್ತದೆ. ತಡೆದುಕೊಳ್ಳಿ. ಒಂದು ಭಾನುವಾರ ಇಡೀ ಸುತ್ತನ್ನು ಆರಾಮಾಗಿ ನಡೆಯಿರಿ. ನನ್ನ ಸುತ್ತು ಹೀಗಿದೆ.

ದರಿಯಾ ದೌಲತ್ ಹತ್ತಿರ ಶುರು. 1784ರ ಅರಮನೆ ಅದು, ಸುತ್ತ ತೋಟ, ಮುಂದೆ ಗಾಡಿ ನಿಲ್ಲಿಸಲು ಜಾಗ. ಅಲ್ಲಿಂದ ಮೂಡಣಕ್ಕೆ ಗಂಜಾಂ ಮೇಲೆ ಹೋಗಬೇಕು. ಎಡಕ್ಕೆ ತಿರುಗಿದರೆ ನಿಮಿಷಾಂಬ ದೇವಸ್ಥಾನ, ಅದರ ಮೆಟ್ಟಿಲ ಕೆಳಗೆ ಕಾವೇರಿಯ ಬಡಗಣ ಕವಲು. ಆಚೆ ದಡದಲ್ಲಿ ಕರಿಘಟ್ಟ ಕಾಣುತ್ತದೆ. ಆ ಬೆಟ್ಟದ ಬುಡದಲ್ಲೇ ಲೋಕಪಾವನಿ ಹೊಳೆ ಬಂದು ಕಾವೇರಿ ಸೇರುವುದು. ಅಲ್ಲಿಂದ ಮತ್ತೆ ದಾರಿ ಹಿಡಿದು ಮೂಡಣದ ತುದಿಗೆ, ಸಂಗಮಕ್ಕೆ. ತಿರುಗಿ ಬರುವಾಗ ಗುಂಬಜ್ ಮೇಲೆ. ಹೈದರಾಲಿ, ಅವರ ಹೆಂಡತಿ, ಟಿಪ್ಪು ಮೂವರ ಗೋರಿ ಇರುವ ಜಾಗ. ಸುತ್ತಲ ತೋಟಕ್ಕೆ ಲಾಲ್‌ಬಾಗ್ ಅಂತಲೇ ಹೆಸರು. ಅಲ್ಲಿಂದ ಗಂಜಾಂ, ಮತ್ತೆ ದರಿಯಾ ದೌಲತ್.

ಎಲ್ಲ ಸೇರಿ 7ರಿಂದ 8 ಕಿ.ಮೀ. ಆಗುತ್ತದೆ. ಎಲ್ಲಿ ಅಡ್ಡ ಹೊಡೆದಿರಿ, ಘಾಟ್ ತನಕ ಇಳಿದಿರಾ ಇಲ್ಲವಾ ಅನ್ನುವುದರ ಮೇಲೆ ಹೆಚ್ಚುಕಡಿಮೆ. ನಿಮ್ಮ ಫೋನಿನಲ್ಲೇ ಅಳೆದುಕೊಳ್ಳಿ.

ಮುಖ್ಯ ರಸ್ತೆಯ ಆಚೀಚೆ ಗದ್ದೆ-ತೋಟಗಳ ನಡುವೆ ಗಾಡಿದಾರಿಗಳಿವೆ. ಓಡಲು ಡಾಂಬರಿಗಿಂತ ಇವೇ ಚೆನ್ನ, ಮಣ್ಣು ಮೆತ್ತಗಿರುತ್ತದೆ. ಆದರೆ ಎಷ್ಟೋ ದಾರಿಗಳು ಯಾರದೋ ಪಂಪ್‌ಸೆಟ್ ಮನೆ ಮುಂದೆ ಹೋಗಿ ನಿಲ್ಲುತ್ತವೆ. ಅಲ್ಲಿ ಯಾರಾದರೂ ಇದ್ದರೆ "ಈ ಕಡೆಯಿಂದ ರಸ್ತೆ ಸಿಗುತ್ತಾ ಅಣ್ಣ?" ಅಂತ ಕೇಳಿ. ನಮ್ಮ ಕಡೆ ಕೇಳಿದರೆ ಬೇಡ ಅನ್ನುವವರು ಕಮ್ಮಿ. ಕೇಳದೆ ಬದು ತುಳಿದರೆ ಮಾತ್ರ ಬೈಸಿಕೊಳ್ಳಬೇಕು, ಅದು ನ್ಯಾಯವೇ. ನಾಟಿ ಆದ ಹೊಸದರಲ್ಲಿ ಬದುವಿನ ಮೇಲೆ ಓಡಲೇಬೇಡಿ. ಬದು ಕುಸಿದರೆ ನೀರು ಹರಿದುಹೋಗುತ್ತದೆ.

ನಡೆಯುವಾಗ ನಾಲ್ಕು ವಿಷಯ ಗಮನಿಸಿ: ಬೀದಿದೀಪ ಎಲ್ಲಿ ಮುಗಿಯುತ್ತದೆ, ನಾಯಿಗಳ ಗುಂಪು ಎಲ್ಲಿ, ಕುಡಿಯುವ ನೀರು ಎಲ್ಲಿ, ಮೊಬೈಲ್ ಸಿಗ್ನಲ್ ಎಲ್ಲಿ ಹೋಗುತ್ತದೆ.

ಹೆಜ್ಜೆ 2: ಕಾಲ, ಗಾಳಿ, ಕನ್ನಂಬಾಡಿ

ನದಿ ಬದಿಯಲ್ಲಿ ಓಡುವವರು ಹವಾಮಾನದ ಜೊತೆಗೆ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್ ಅಣೆಕಟ್ಟಿನ) ಸುದ್ದಿಯನ್ನೂ ನೋಡಬೇಕು. ಮಂಡ್ಯದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕಟ್ಟೆ ತುಂಬಿದ ಮಟ್ಟ 124.80 ಅಡಿ ಅನ್ನುವುದು ನಮ್ಮ ಮನೆ ಮಕ್ಕಳಿಗೂ ಬಾಯಿಪಾಠ. ಕಟ್ಟೆ ತುಂಬುವ ತನಕ ಎಲ್ಲರೂ ಒಳಹರಿವು ನೋಡುತ್ತಾರೆ. ತುಂಬಿದ ಮೇಲೆ ಓಡುವವರು ನೋಡಬೇಕಾದ್ದು ಹೊರಹರಿವು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಹೊರಹರಿವು ಲಕ್ಷ ಕ್ಯೂಸೆಕ್ ಹತ್ತಿರ ಬಂತು ಅಂದರೆ ಸ್ನಾನಘಟ್ಟಗಳು, ತಗ್ಗಿನ ತೋಟಗಳು ನೀರಲ್ಲಿ ಅಂತಲೇ ಲೆಕ್ಕ. 1804ರಲ್ಲಿ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಕಲ್ಲುಕಂಬ ನಿಲ್ಲಿಸಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ದೊಡ್ಡ ನೆರೆ ಬಂದಾಗ ಮುಳುಗಿಹೋಗುತ್ತದೆ. ಆ ವಾರ ನದಿ ಸುತ್ತಿಗೆ ರಜಾ ಹಾಕಿ. ಮೈಸೂರಿನವರಾದರೆ ಕುಕ್ಕರಹಳ್ಳಿ ಕೆರೆ ಏರಿ ಸುಮ್ನೆ ಇದ್ದೇ ಇದೆ. ನೀರು ಇಳಿದ ಮೇಲೂ ಮೆಟ್ಟಿಲ ಮೇಲೆ ಕೂತ ಕೆಸರು ಕೆಲವು ದಿನ ಸೋಪಿನಂತೆ ಜಾರುತ್ತದೆ.

ಇನ್ನು ಗಾಳಿ. ಇದನ್ನು ಯಾರೂ ಹೇಳುವುದಿಲ್ಲ, ನಾನು ಎರಡು ವರ್ಷ ಓಡಿ ಕಲಿತದ್ದು. ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ. ನಮ್ಮ ಸುತ್ತು ಪಡುವಣದಿಂದ ಮೂಡಣಕ್ಕೆ ಹೊರಡುತ್ತದೆ. ಅಂದರೆ ಹೋಗುವಾಗ ಗಾಳಿ ಬೆನ್ನಿಗೆ, ತಳ್ಳಿಕೊಂಡು ಹೋಗುತ್ತದೆ. ಬರುವಾಗ, ಕಾಲು ಸೋತಿರುವ ಹೊತ್ತಿಗೆ, ಎದೆಗೆ. ಅದಕ್ಕೇ ಜೂನ್‌ನಿಂದ ಆಗಸ್ಟ್ ತನಕ ಗಾಡಿಯನ್ನು ಸಂಗಮದ ಕಡೆ ನಿಲ್ಲಿಸಿ ಅಲ್ಲಿಂದಲೇ ಶುರು ಮಾಡಿ. ಮೊದಲು ಗಾಳಿಗೆ ಎದುರಾಗಿ ನಿಧಾನಕ್ಕೆ ಬನ್ನಿ, ಆಮೇಲೆ ಗಾಳಿಯೇ ಮನೆ ಮುಟ್ಟಿಸುತ್ತದೆ.

ಅತ್ಯುತ್ತಮ ಕಾಲ ನವೆಂಬರಿನಿಂದ ಫೆಬ್ರವರಿ. ಡಿಸೆಂಬರಿನಲ್ಲಿ ಗದ್ದೆ ಮೇಲೂ ನದಿ ಮೇಲೂ ಮಂಜು ಕೂತಿರುತ್ತದೆ. ನೋಡಲು ಚೆಂದ, ಆದರೆ ಎದುರಿನ ಟ್ರ್ಯಾಕ್ಟರ್ ಹತ್ತಿರ ಬರುವ ತನಕ ಕಾಣುವುದಿಲ್ಲ. ತಿಳಿ ಬಣ್ಣದ ಬಟ್ಟೆ ಹಾಕಿ. ಮಾರ್ಚ್‌ನಿಂದ ಮೇ ತನಕ ಬೆಳಿಗ್ಗೆ ಆದಷ್ಟು ಬೇಗ ಮುಗಿಸಿ. ನದಿ ಬದಿ ತಂಪು ಅನ್ನುವುದು ಅರ್ಧ ಸತ್ಯ. ಗಾಳಿಯಲ್ಲಿ ತೇವ ಜಾಸ್ತಿ ಇರುವುದರಿಂದ ಬೆವರು ಆರುವುದಿಲ್ಲ, ಮೈ ಬಿಸಿ ಇಳಿಯುವುದಿಲ್ಲ.

ಸೂರ್ಯ ಹುಟ್ಟುವುದು ಜನವರಿಯಲ್ಲಿ 6.45ರ ಸುಮಾರಿಗೆ, ಜೂನ್‌ನಲ್ಲಿ 6ಕ್ಕಿಂತ ಸ್ವಲ್ಪ ಮುಂಚೆ. ಹುಟ್ಟಿದ ಮೇಲೆ ಹೊರಡಿ, ಮುಂಚೆ ಬೇಡ. ಯಾಕೆ ಅಂತ ಹೆಜ್ಜೆ 6ರಲ್ಲಿದೆ. ಹೋಗುವಾಗ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ಅಂಚು ಇರುವ ಟೋಪಿ ಬೇಕು.

ಅಮಾವಾಸ್ಯೆ, ಹುಣ್ಣಿಮೆ, ಸಂಕ್ರಾಂತಿ, ತುಲಾ ಸಂಕ್ರಮಣ, ರಥಸಪ್ತಮಿ, ವೈಕುಂಠ ಏಕಾದಶಿ: ಈ ದಿನಗಳಲ್ಲಿ ಓಡುವ ಆಸೆ ಬಿಡಿ. ಬೆಳಗಿನ ಜಾವದಿಂದಲೇ ಬಸ್ಸು, ಆಟೋ, ಜನ. ಸ್ನಾನ ಮಾಡಿ, ದೇವರಿಗೆ ಕೈ ಮುಗಿದು ಮನೆಗೆ ಹೋಗಿ.

ಹೆಜ್ಜೆ 3: ಶೂ ಮತ್ತು ಬಟ್ಟೆ

ಇದರ ಬಗ್ಗೆ ಅಂಗಡಿಯವರು ನಿಮಗೆ ಬೇಕಾದ್ದಕ್ಕಿಂತ ಜಾಸ್ತಿ ಹೇಳುತ್ತಾರೆ. ಸಾಮಾನ್ಯ ರನ್ನಿಂಗ್ ಶೂ ಸಾಕು. ಹೆಬ್ಬೆರಳಿನ ಮುಂದೆ ಅರ್ಧ ಬೆರಳು ಜಾಗ ಇರಲಿ. ಸಾಯಂಕಾಲ ಹೋಗಿ ಕೊಳ್ಳಿ, ಆಗ ಕಾಲು ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಮಳೆಗಾಲದಲ್ಲಿ ಗಾಡಿದಾರಿಯ ಜೇಡಿ ಮಣ್ಣು ಅಟ್ಟೆಗೆ ಮೆತ್ತಿಕೊಂಡು ಒಂದೊಂದು ಕಾಲೂ ಒಂದೊಂದು ಸೇರು ತೂಗುತ್ತದೆ. ಆಗ ಡಾಂಬರೇ ಗತಿ. ಕಾಲುಚೀಲ ಹತ್ತಿಯದು ಬೇಡ, ಒದ್ದೆಯಾದರೆ ಬೊಬ್ಬೆ ಏಳುತ್ತದೆ. ಬೇರೆ ಏನೂ ವಿಶೇಷ ಬೇಡ.

ಹೆಜ್ಜೆ 4: ವೇಗಕ್ಕೆ ನೀವೇ ಬ್ರೇಕ್

ಈಗ ಮುಖ್ಯ ವಿಷಯಕ್ಕೆ ಬರೋಣ.

ಹೊರಟ ಕೂಡಲೇ ಓಡಬೇಡಿ. ಐದು ನಿಮಿಷ ಬಿರುಸಾಗಿ ನಡೆಯಿರಿ. ಆಮೇಲೆ ಓಟ ಶುರು ಮಾಡಿ, ಎಷ್ಟು ನಿಧಾನ ಅಂದರೆ ಪಕ್ಕದಲ್ಲಿ ಬಿರುಸಾಗಿ ನಡೆಯುವವರು ಹೆಚ್ಚು ಕಷ್ಟವಿಲ್ಲದೆ ನಿಮ್ಮ ಜೊತೆ ಬರುವಷ್ಟು. ಮುಜುಗರ ಆಗುತ್ತದೆ. ಆಗಲಿ.

ಸರಿಯಾದ ವೇಗ ತಿಳಿಯಲು ಸಾವಿರಾರು ರೂಪಾಯಿಯ ವಾಚ್ ಬೇಕಿಲ್ಲ. ಓಡುತ್ತಲೇ ಮನೆಗೆ ಫೋನ್ ಮಾಡಿದಂತೆ "ಬರುವಾಗ ಹಾಲು, ಕೊತ್ತಂಬರಿ ಸೊಪ್ಪು, ಅರ್ಧ ಕೆಜಿ ಟೊಮೊಟೊ ತರಲಾ?" ಅಂತ ಒಂದೇ ಉಸಿರಿಗೆ ಹೇಳಿ ನೋಡಿ. ಪೂರ್ತಿ ಹೇಳಲು ಆದರೆ ವೇಗ ಸರಿ ಇದೆ. ಕೊತ್ತಂಬರಿ ಸೊಪ್ಪಿಗೇ ಉಸಿರು ಕಟ್ಟಿದರೆ ಜಾಸ್ತಿ ಆಯಿತು. ಹಾಡು ಹೇಳಲು ಆಗುತ್ತಿದ್ದರೆ ಸ್ವಲ್ಪ ಜೋರು ಮಾಡಬಹುದು. ಮಾತಾಡಲು ಆಗುವ ವೇಗದಲ್ಲಿ ಓಡಿದಾಗ ಹೃದಯ, ಸ್ನಾಯು ಎರಡೂ ದೂರದ ಓಟಕ್ಕೆ ಹದವಾಗುತ್ತವೆ. ಏದುಸಿರಿನಲ್ಲಿ ಓಡಿದರೆ ಹೊಸಬರು ಬೇಗ ಸೋಲುತ್ತಾರೆ, ಮಾರನೇ ದಿನ ಬರುವುದೂ ಇಲ್ಲ.

ಸಮತಟ್ಟು ದಾರಿಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಏರಿಳಿತ ಇರುವ ಕಡೆ ಒಂದೊಂದು ಸಲ ಒಂದೊಂದು ಸ್ನಾಯು ಕೆಲಸ ಮಾಡುತ್ತದೆ. ಹತ್ತುವಾಗ ಮೀನಖಂಡ, ಇಳಿಯುವಾಗ ತೊಡೆ. ಇಲ್ಲಿ ಸಾವಿರಾರು ಹೆಜ್ಜೆ ಒಂದೇ ಥರ ಬೀಳುತ್ತವೆ. ದುಡಿಯುವ ಸ್ನಾಯುವೇ ದುಡಿಯುತ್ತಿರುತ್ತದೆ. ಅದಕ್ಕೇ ಹೊಸಬರಿಗೆ ಮುಂಗಾಲಿನ ಮೂಳೆ ಹತ್ತಿರ ನೋವು, ಹಿಮ್ಮಡಿ ನೋವು. ಇದಕ್ಕೆ ಉಪಾಯ ಸುಲಭ: ನಡುನಡುವೆ ನಡೆಯಿರಿ. ನಡೆಯುವುದು ಸೋಲಲ್ಲ, ಸ್ನಾಯುಗಳಿಗೆ ಪಾಳಿ ಬದಲು. ಜೊತೆಗೆ ಅಲ್ಲಲ್ಲಿ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಿರಿ.

ಹೆಜ್ಜೆ ಉದ್ದ ಹಾಕಬೇಡಿ. ಸಣ್ಣ ಹೆಜ್ಜೆ, ಬೇಗ ಬೇಗ. ಪಾದ ಮೊಣಕಾಲಿನ ಕೆಳಗೇ ಬೀಳಬೇಕು, ಅದಕ್ಕಿಂತ ಮುಂದೆ ಹೋಗಿ ಬಿದ್ದರೆ ಪ್ರತಿ ಹೆಜ್ಜೆಗೂ ಮೊಣಕಾಲು ಪೆಟ್ಟು ತಿನ್ನುತ್ತದೆ. ಕಿವಿಯಲ್ಲಿ ಕೇಳಿಸಿಕೊಳ್ಳಿ. ಧಪ್ ಧಪ್ ಅನ್ನುತ್ತಿದ್ದರೆ ತಪ್ಪು. ಒಳ್ಳೆ ಓಟಕ್ಕೆ ಶಬ್ದ ಕಮ್ಮಿ.

ಹೆಜ್ಜೆ 5: ಕಂಬದ ಲೆಕ್ಕ, ಹತ್ತು ವಾರ

ನಾನು ನಿಮಿಷದ ಲೆಕ್ಕ ಇಡುವುದನ್ನು ಬಿಟ್ಟು ಕರೆಂಟ್ ಕಂಬದ ಲೆಕ್ಕಕ್ಕೆ ಬಂದೆ. ಹಳ್ಳಿ ರಸ್ತೆಯಲ್ಲಿ ಕಂಬದಿಂದ ಕಂಬಕ್ಕೆ ಸುಮಾರು 50 ಮೀಟರ್. ಕಣ್ಣೆದುರಿಗೇ ಕಾಣುವುದರಿಂದ ಮೋಸ ಮಾಡಿಕೊಳ್ಳಲು ಆಗುವುದಿಲ್ಲ.

ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಮೊದಲ ಎರಡು ವಾರ ಎರಡು ಕಂಬ ಓಟ, ನಾಲ್ಕು ಕಂಬ ನಡಿಗೆ. ಒಟ್ಟು ಅರ್ಧ ಗಂಟೆ. ಗಂಜಾಂ ದಾಟುವುದೇ ಬೇಡ. ಮೂರು, ನಾಲ್ಕನೇ ವಾರ ನಾಲ್ಕು ಕಂಬ ಓಟ, ಮೂರು ನಡಿಗೆ. ಐದು, ಆರನೇ ವಾರ ಎಂಟು ಕಂಬ ಓಟ, ಮೂರು ನಡಿಗೆ. ಈಗ ಗುಂಬಜ್ ತನಕ ಹೋಗಿ ಬರಬಹುದು. ಅಷ್ಟರಲ್ಲಿ ಮೈ ಒಗ್ಗಿರುತ್ತದೆ, ಇನ್ನು ಕಂಬ ಬಿಟ್ಟು ನಿಮಿಷಕ್ಕೆ ಬನ್ನಿ: ಏಳನೇ ವಾರ 10 ನಿಮಿಷ ಓಟ, 2 ನಿಮಿಷ ನಡಿಗೆ, ಮೂರು ಸಲ. ಎಂಟರಲ್ಲಿ ಅದನ್ನೇ ನಾಲ್ಕು ಸಲ. ಒಂಬತ್ತನೇ ವಾರ ಬೇಕಂತಲೇ ಕಮ್ಮಿ ಮಾಡಿ, ಐದನೇ ವಾರದಷ್ಟೇ. ಹತ್ತನೇ ವಾರ ಪೂರ್ತಿ ಸುತ್ತು. ನಿಮಿಷಾಂಬ, ಸಂಗಮ, ಗುಂಬಜ್ ಮೂರೂ ಕಡೆ ಎರಡೆರಡು ನಿಮಿಷ ನಡೆದುಕೊಂಡು. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯಬಹುದು.

ಒಂದು ವಾರ ತಪ್ಪಿದರೆ ಹಿಂದಿನ ವಾರದಿಂದ ಮತ್ತೆ ಶುರು ಮಾಡಿ. ಮದುವೆ ಸೀಸನ್‌ನಲ್ಲಿ ನನಗೆ ಹತ್ತು ವಾರ ಹದಿನಾಲ್ಕು ಆಗಿತ್ತು.

ವಯಸ್ಸು 40 ದಾಟಿದ್ದರೆ, ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರ್ ಹತ್ತಿರ ಕೇಳಿ ಶುರು ಮಾಡಿ. ಶುಗರ್‌ಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಜೇಬಿನಲ್ಲಿ ನಾಲ್ಕು ಸಕ್ಕರೆ ಚಾಕಲೇಟ್ ಇಟ್ಟುಕೊಳ್ಳಲೇಬೇಕು. ಓಡುವಾಗ ಎದೆ ಬಿಗಿತ, ತಲೆಸುತ್ತು, ಎಡಗೈ ಅಥವಾ ದವಡೆ ನೋವು ಬಂದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿ. "ಗ್ಯಾಸ್ ಇರಬೇಕು" ಅಂತ ಓಡುವುದು ಬೇಡ.

ಹೆಜ್ಜೆ 6: ದಾರಿಯಲ್ಲಿ ಸಿಗುವವರು

*ನಾಯಿ.* ಹಳ್ಳಿ ನಾಯಿಗೆ ನಡೆಯುವವರು ಗೊತ್ತು, ಸೈಕಲ್ ಗೊತ್ತು. ಬೆಳಿಗ್ಗೆ ಬೆಳಿಗ್ಗೆ ಸುಮ್ನೆ ಓಡುವ ಮನುಷ್ಯ ಅದಕ್ಕೆ ಕಳ್ಳ. ಗುಂಪು ಕಂಡರೆ ದೂರದಿಂದಲೇ ಓಟ ನಿಲ್ಲಿಸಿ ನಡೆಯಿರಿ. ಕಣ್ಣಲ್ಲಿ ಕಣ್ಣಿಡಬೇಡಿ. ಅಟ್ಟಿಸಿಕೊಂಡು ಬಂದರೆ ನಿಂತುಬಿಡಿ, ಬಗ್ಗಿ ಕಲ್ಲು ಎತ್ತಿದಂತೆ ಮಾಡಿ. ನಿಜವಾಗಿ ಎಸೆಯುವುದು ಬೇಡ, ನಾಳೆಯೂ ಇದೇ ದಾರಿಯಲ್ಲಿ ಬರಬೇಕಲ್ವಾ. ತಿಂಗಳು ಕಳೆದರೆ ಅವೇ ಬಾಲ ಅಲ್ಲಾಡಿಸುತ್ತವೆ. ಕಚ್ಚಿದರೆ ಗಾಯವನ್ನು ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಿ. ಸುಣ್ಣ, ಮೆಣಸಿನಪುಡಿ ಯಾವುದೂ ಬೇಡ.

*ಕಬ್ಬಿನ ಗಾಡಿ.* ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೈಲರ್ ಎರಡೂ ಬದಿಗೆ ಜಲ್ಲೆ ಚಾಚಿಕೊಂಡು ಬರುತ್ತದೆ. ಡ್ರೈವರ್‌ಗೆ ನೀವು ಕಂಡಿರಬಹುದು, ಜಲ್ಲೆಗೆ ಕಾಣುವುದಿಲ್ಲ. ರಸ್ತೆಯಿಂದ ಪೂರ್ತಿ ಇಳಿದು ನಿಲ್ಲಿ. ಎದುರಿನ ವಾಹನ ಕಾಣುವಂತೆ ಯಾವಾಗಲೂ ರಸ್ತೆಯ ಬಲಗಡೆ ಓಡಿ. ಕಿವಿಗೆ ಇಯರ್‌ಫೋನ್ ಬೇಡ. ಹಾಡು ಬೇಕೇ ಬೇಕು ಅಂದರೆ ಒಂದು ಕಿವಿಗೆ ಮಾತ್ರ.

*ಒಕ್ಕಣೆ.* ಸುಗ್ಗಿ ಸಮಯದಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೆ ಹರಡಿರುತ್ತಾರೆ, ವಾಹನ ಓಡಾಡಿ ಕಾಳು ಉದುರಲಿ ಅಂತ. ನಾನು ಒಂದು ಸಲ ಹುರುಳಿ ಮೇಲೆ ಕಾಲಿಟ್ಟೆ. ಕಾಳು ಬೇರಿಂಗ್ ಥರ ಉರುಳಿತು. ಮೊಣಕೈ ತರಚಿಕೊಂಡು ಕೂತಿದ್ದಾಗ ಅಲ್ಲಿದ್ದ ಅಜ್ಜಿ ಮೊದಲು ನೋಡಿದ್ದು ಹುರುಳಿ ಚೆಲ್ಲಾಪಿಲ್ಲಿ ಆಯಿತಾ ಅಂತ. ಆಮೇಲೆ ನೀರು ಕೊಟ್ಟರು. ಒಕ್ಕಣೆ ಕಂಡರೆ ಪಕ್ಕದ ಮಣ್ಣಿನಲ್ಲಿ ನಡೆದು ದಾಟಿ.

*ಹಾವು, ಚಿರತೆ, ಮೊಸಳೆ.* ಹೆದರಿಸಲು ಬರೆಯುತ್ತಿಲ್ಲ. ಗದ್ದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ನಾಗರ, ಕೊಳಕುಮಂಡಲ. ಕೊಳಕುಮಂಡಲ ಒಣಗಿದ ಎಲೆಯ ಬಣ್ಣದಲ್ಲೇ ಇರುತ್ತದೆ, ಜಾಗ ಬಿಟ್ಟು ಹೋಗುವುದೂ ಕಮ್ಮಿ. ನಸುಕಿನಲ್ಲಿ ತುಳಿದುಬಿಡುವ ಅಪಾಯವೇ ದೊಡ್ಡದು. ಹುಲ್ಲು ಬೆಳೆದ ಬದಿಯಲ್ಲಿ ಓಡಬೇಡಿ, ಕಾಲು ಇಡುವ ಜಾಗ ಕಾಣಬೇಕು. ಕಡಿದರೆ ಕಟ್ಟು ಕಟ್ಟಬೇಡಿ, ಕುಯ್ಯಬೇಡಿ, ಹೀರಬೇಡಿ. ಕಾಲು ಅಲುಗಾಡಿಸದೆ ಯಾರದಾದರೂ ವಾಹನದಲ್ಲಿ ನೇರ ಆಸ್ಪತ್ರೆಗೆ. ಮಂಡ್ಯ, ಮೈಸೂರು ಜಿಲ್ಲೆಗಳ ಕಬ್ಬಿನ ಗದ್ದೆಗಳಲ್ಲಿ ಚಿರತೆ ಸೇರಿಕೊಳ್ಳುವುದು ಹೊಸ ಸುದ್ದಿಯೇನಲ್ಲ. ಕತ್ತಲಲ್ಲಿ ಒಬ್ಬರೇ ಕಬ್ಬಿನ ನಡುವೆ ಓಡಬೇಡಿ ಅನ್ನುವುದು ಇದಕ್ಕೇ. ಊರಿನಲ್ಲಿ ಚಿರತೆ ಕಂಡಿತು ಅಂತ ಮಾತಿದ್ದರೆ ಆ ವಾರ ಬೇರೆ ಕಡೆ ಓಡಿ. ಇನ್ನು ಮೊಸಳೆ. ಮೇಲೆ ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಿಸಿಲು ಕಾಯುತ್ತಾ ಮಲಗುವ ಮೊಸಳೆಗಳನ್ನು ದೋಣಿಯಲ್ಲಿ ಹೋಗಿ ನೋಡಿದ್ದೀರಿ ಅಲ್ವಾ? ಅದೇ ನೀರು ಇಲ್ಲಿಗೆ ಹರಿದು ಬರುವುದು. ಬೆವರಿದ ಮೈಯಲ್ಲಿ ಒಂದು ಮುಳುಗು ಹಾಕೋಣ ಅನ್ನಿಸುತ್ತದೆ. ಬೇಡ. ಮೊಸಳೆಗಿಂತ ಜಾಸ್ತಿ ಹೆದರಬೇಕಾದ್ದು ಸಂಗಮದ ಸುಳಿಗೆ. ಮೇಲೆ ನೀರು ಸುಮ್ಮನಿದ್ದಂತೆ ಕಾಣುತ್ತದೆ, ಕೆಳಗೆ ಎರಡು ಕವಲು ಕುಸ್ತಿ ಹಿಡಿದಿರುತ್ತವೆ.

*ಮನುಷ್ಯರು.* ಸಂಗಮ ಬರೀ ಪಿಕ್ನಿಕ್ ಜಾಗವಲ್ಲ. ದೂರದೂರದಿಂದ ಜನ ಅಸ್ಥಿ ಬಿಡಲು ಬರುತ್ತಾರೆ. ತಲೆ ಬೋಳಿಸಿಕೊಂಡ ಮಗ, ಪಿಂಡದ ಎಲೆ ಹಿಡಿದ ಹೆಂಗಸರು. ಅವರ ನಡುವೆ ಬಣ್ಣದ ಟೀಶರ್ಟ್‌ನಲ್ಲಿ ಏದುಸಿರು ಬಿಡುತ್ತಾ ನುಗ್ಗುವುದು ಚೆನ್ನಾಗಿರುವುದಿಲ್ಲ. ಘಾಟ್ ಹತ್ತಿರ ಬಂದಾಗ ನಡೆಯಿರಿ, ಫೋನಿನ ಹಾಡು ನಿಲ್ಲಿಸಿ, ಸೆಲ್ಫಿ ಬೇಡ. ಒದ್ದೆ ಬಟ್ಟೆ, ಒಡೆದ ಮಡಕೆ ಚೂರು ಕಾಲಿಗೆ ಸಿಗುತ್ತವೆ, ನೋಡಿಕೊಳ್ಳಿ.

ಹೆಣ್ಣುಮಕ್ಕಳಿಗೆ ನನ್ನ ಹೆಂಡತಿ ಹೇಳುವ ಮಾತು: ಮೊದಲ ತಿಂಗಳು ಜೊತೆಯಲ್ಲೇ ಓಡಿ, ಲೈವ್ ಲೊಕೇಶನ್ ಮನೆಯವರಿಗೆ ಕಳಿಸಿ, ದಾರಿಯ ಹೂವಿನ ಅಂಗಡಿ, ಟೀ ಅಂಗಡಿಯವರನ್ನು ಮಾತಾಡಿಸಿ ಪರಿಚಯ ಮಾಡಿಕೊಳ್ಳಿ. ಅವರು ನಿಮ್ಮನ್ನು ದಿನಾ ನೋಡುತ್ತಾರೆ. ಒಂದು ದಿನ ತಡವಾದರೆ ಕೇಳುತ್ತಾರೆ. ಅದು ಯಾವ ಆ್ಯಪ್‌ಗಿಂತಲೂ ವಾಸಿ. ತುರ್ತಿಗೆ 112.

ಹೆಜ್ಜೆ 7: ಹೊಟ್ಟೆಗೆ ಏನು

ಓಡುವ ಅರ್ಧ ಗಂಟೆ ಮುಂಚೆ ಒಂದು ಲೋಟ ನೀರು, ಅರ್ಧ ಬಾಳೆಹಣ್ಣು. ಕಾಫಿ ಕುಡಿದೇ ಎದ್ದೇಳುವವರು ಕುಡಿಯಿರಿ, ಆದರೆ ದಾರಿಯಲ್ಲಿ ಶೌಚಾಲಯ ಎಲ್ಲಿದೆ ಅಂತ ತಿಳಿದುಕೊಂಡಿರಿ. ಒಂದು ಗಂಟೆ ಒಳಗಿನ ಓಟಕ್ಕೆ ನಡುವೆ ತಿನ್ನುವುದೇನೂ ಬೇಡ. ಬೇಸಿಗೆಯಲ್ಲಿ ಸಣ್ಣ ಬಾಟಲಿ ನೀರು ಇರಲಿ. ನದಿ ನೀರು, ನಾಲೆ ನೀರು ಕುಡಿಯಬೇಡಿ, ಎಷ್ಟೇ ತಿಳಿಯಾಗಿದ್ದರೂ.

ಮುಗಿದ ಮೇಲೆ ಎಳನೀರು. ಅಥವಾ ಬೆಲ್ಲ, ನಿಂಬೆ, ಚಿಟಿಕೆ ಉಪ್ಪಿನ ಪಾನಕ. ಮಂಡ್ಯ ಸೀಮೆಯಲ್ಲಿ ಇದ್ದುಕೊಂಡು ಅಂಗಡಿಯ ಬಣ್ಣದ ನೀರು ಕೊಳ್ಳುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ. ಮನೆಗೆ ಹೋಗಿ ರಾಗಿ ರೊಟ್ಟಿಯೋ ಇಡ್ಲಿಯೋ, ಜೊತೆಗೆ ಒಂದು ಮೊಟ್ಟೆ ಇಲ್ಲವೇ ಕಾಳಿನ ಪಲ್ಯ. ಓಡಿದೆ ಅಂತ ಮದ್ದೂರು ವಡೆ ನಾಲ್ಕು ಹೊಡೆದರೆ ಓಡಿದ್ದೆಲ್ಲ ವಾಪಸ್. ಒಂದು ತಿನ್ನಿ. ನಾನೂ ತಿನ್ನುತ್ತೇನೆ.

ಹೆಜ್ಜೆ 8: ಬಲಗಾಲಿನ ನೋವು

ಮೂರನೇ ತಿಂಗಳಲ್ಲಿ ನನಗೆ ಬಲ ಸೊಂಟ, ಬಲ ಮೊಣಕಾಲಿನ ಹೊರಗಡೆ ನೋವು ಶುರುವಾಯಿತು. ಎಡಕ್ಕೆ ಏನೂ ಇಲ್ಲ. ಶೂ ಬದಲಿಸಿದೆ, ಎಣ್ಣೆ ತಿಕ್ಕಿದೆ. ಕಡೆಗೆ ಕಾರಣ ಕಂಡಿದ್ದು ಮಳೆ ಬಂದ ದಿನ. ರಸ್ತೆ ಮೇಲಿನ ನೀರು ನಡುವಿನಿಂದ ಅಂಚಿಗೆ ಹರಿಯುತ್ತಿತ್ತು. ಸಮತಟ್ಟು ಅಂದುಕೊಂಡ ರಸ್ತೆ ಉದ್ದಕ್ಕೆ ಸಮತಟ್ಟು, ಅಡ್ಡಕ್ಕಲ್ಲ. ನೀರು ನಿಲ್ಲದಿರಲಿ ಅಂತ ನಡು ಎತ್ತರಿಸಿ ಅಂಚು ತಗ್ಗಿಸಿರುತ್ತಾರೆ. ಯಾವಾಗಲೂ ಬಲ ಅಂಚಿನಲ್ಲಿ ಓಡುವ ನನ್ನ ಬಲಗಾಲು ದಿನಾ ತಗ್ಗಿನಲ್ಲೇ ಬೀಳುತ್ತಿತ್ತು.

ಸುತ್ತಿನ ದಿಕ್ಕು ಬದಲಿಸಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಹೋಗುವುದಿಲ್ಲ. ಯಾವ ದಿಕ್ಕಿಗೆ ಓಡಿದರೂ ಎದುರು ವಾಹನ ನೋಡಿಕೊಂಡು ಬಲಗಡೆಯೇ ಓಡುತ್ತೇವೆ, ಬಲಗಾಲೇ ತಗ್ಗಿನಲ್ಲಿ. ಉಪಾಯ ಎರಡು. ರಸ್ತೆ ಖಾಲಿ ಇದ್ದು, ಹಿಂದೆ ಮುಂದೆ ದೂರದ ತನಕ ಕಾಣುತ್ತಿದ್ದರೆ ನಡುವಿನಲ್ಲಿ ಓಡಿ. ಇಲ್ಲವೇ ಡಾಂಬರಿನ ಆಚೆಯ ಮಣ್ಣಿನ ಪಟ್ಟಿಗೆ ಇಳಿಯಿರಿ, ಅದು ಮಟ್ಟವಾಗಿರುವ ಕಡೆಯಲ್ಲಿ. ನನಗೆ ಆರು ವಾರದಲ್ಲಿ ನೋವು ಹೋಯಿತು.

ಸುಮ್ನೆ ಮೈ ಕೈ ನೋವಾದರೆ ಎರಡು ದಿನದಲ್ಲಿ ಇಳಿಯುತ್ತದೆ. ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸುವಂಥ ನೋವು ವಾರ ಕಳೆದರೂ ಇದ್ದರೆ ಓಟ ನಿಲ್ಲಿಸಿ, ತೋರಿಸಿ.

ಸುತ್ತು ಸಲೀಸಾದ ಮೇಲೆ

ಪೂರ್ತಿ ಸುತ್ತನ್ನು ಮಾತಾಡಿಕೊಂಡು ಓಡಲು ಬಂದರೆ ಕಾಲು ಮತ್ತೆ ಜೋರು ಮಾಡೋಣ ಅನ್ನುತ್ತದೆ. ವಾರಕ್ಕೆ ಒಂದೇ ದಿನ ಆ ಆಸೆ ತೀರಿಸಿ: ಒಂದು ಕಂಬ ಜೋರು, ಎರಡು ಕಂಬ ನಿಧಾನ, ಎಂಟು ಸಲ. ಇನ್ನೊಂದು ದಿನ ಕರಿಘಟ್ಟಕ್ಕೆ ಹೋಗಿ ಮೆಟ್ಟಿಲು ಹತ್ತಿ ಇಳಿಯಿರಿ. ಸಮತಟ್ಟಿನಲ್ಲಿ ಮಲಗಿದ್ದ ಸ್ನಾಯುಗಳೆಲ್ಲ ಏಳುತ್ತವೆ. ಮೇಲಿನಿಂದ ನೀವು ಓಡುವ ದ್ವೀಪ ಪೂರ್ತಿ ಕಾಣುತ್ತದೆ, ಇಷ್ಟೇನಾ ಅನ್ನಿಸುತ್ತದೆ.

ಕಡೆಯದಾಗಿ ಶೂ. ಕೆಸರಾಗಿದ್ದರೆ ಮನೆಯಲ್ಲಿ ತೊಳೆಯಿರಿ, ಘಾಟ್‌ನಲ್ಲಿ ಬೇಡ. ಒಳಗಿನ ಅಟ್ಟೆ ತೆಗೆದು, ಹಳೆ ಪೇಪರ್ ಉಂಡೆ ಮಾಡಿ ತುರುಕಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ. ಮಾರನೇ ದಿನ ಹಾಕಿಕೊಳ್ಳುವ ಮುಂಚೆ ತಲೆಕೆಳಗೆ ಮಾಡಿ ಎರಡು ಸಲ ಕೊಡವಿ. ಮಳೆಗಾಲದಲ್ಲಿ ನನ್ನ ಶೂ ಒಳಗೆ ಕಪ್ಪೆ ಸಿಕ್ಕಿದ್ದು ಮೂರು ಸಲ, ಚೇಳು ಒಂದು ಸಲ.